ಪುಟ್ಟ ಮಕ್ಕಳನ್ನು ಬಿಟ್ಟು ಬಹುದಿನ ವಿದೇಶಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸದ ಮೇಲೆ, ತರಬೇತಿಗೆ, ಇಲ್ಲವೇ ಅಲ್ಲಿರುವ ಯಾರದೋ ಆರೈಕೆಗೆ ಅಂತ ತಿಂಗಳುಗಟ್ಟಲೆ ವಿದೇಶಕ್ಕೆ ಹೊರಟ ಅಪ್ಪ ಅಮ್ಮಂದಿರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳೆಲ್ಲ ಕೇಳಿದವರ ಮಾತಿನಲ್ಲೇ ಇವೆ. ಕೈಗೂಸಿನಿಂದ ಹಿಡಿದು ಆರೇಳು ವರ್ಷದ ಮಕ್ಕಳವರೆಗೆ ಇದು ಅನ್ವಯಿಸುತ್ತದೆ. ಹೋಗುವವರು ಪೆಟ್ಟಿಗೆಯಲ್ಲಿ ಏನೇನು ತುಂಬಿಕೊಳ್ಳಬೇಕು ಅನ್ನುವುದು ಇಲ್ಲಿಲ್ಲ. ಮನೆಯಲ್ಲಿ ಉಳಿಯುವವರ ಬಗ್ಗೆಯೇ ಮಾತು ಜಾಸ್ತಿ. ಮಗು ಈ ದಿನಗಳನ್ನು ಹೇಗೆ ಕಳೆಯುತ್ತದೆ ಅನ್ನುವುದು ತೀರ್ಮಾನವಾಗುವುದು ಅಲ್ಲೇ ಅಂತ ನನ್ನ ನಂಬಿಕೆ.

## ಹೊರಡುವ ನಿರ್ಧಾರಕ್ಕೆ ಮುಂಚೆ

ಇಷ್ಟು ಚಿಕ್ಕ ಮಗುವನ್ನು ಬಿಟ್ಟು ಹೋಗುವುದು ತಪ್ಪಲ್ವಾ?

ಸರಿ ತಪ್ಪು ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವಿಲ್ಲದಾಗ ಮಗು ನಡುರಾತ್ರಿ ಎದ್ದು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ? ಒಬ್ಬರ ಹೆಸರು ತಟ್ಟನೆ ಬಾಯಿಗೆ ಬಂತು, ಮಗು ಅವರನ್ನು ಈಗಾಗಲೇ ಹಚ್ಚಿಕೊಂಡಿದೆ ಅಂದರೆ ಅರ್ಧ ಭಾರ ಇಳಿದ ಹಾಗೆ. 'ಯಾರಾದರೂ ಇರ್ತಾರೆ ಬಿಡಿ' ಅನ್ನುವುದೇ ನಿಮ್ಮ ಉತ್ತರವಾದರೆ ಸದ್ಯಕ್ಕೆ ಟಿಕೆಟ್ ಮಾಡಿಸಬೇಡಿ.

ಹೋಗಲೇಬೇಕಾದ ಅನಿವಾರ್ಯ ಎಷ್ಟೋ ಜನರಿಗೆ ಇರುತ್ತದೆ. ಅಂಥವರಿಗೆ ಹೋಗಬಾರದಿತ್ತು ಅಂತ ಹೇಳಿ ಏನೂ ಪ್ರಯೋಜನವಿಲ್ಲ. ಹೇಗೆ ಹೋಗಬೇಕು ಅಂತ ಹೇಳಿದರೆ ಉಪಯೋಗಕ್ಕೆ ಬರುತ್ತದೆ.

ಯಾವ ವಯಸ್ಸಿನಲ್ಲಿ ಹೋದರೆ ಮಗುವಿಗೆ ಕಡಿಮೆ ಕಷ್ಟ?

ಸುಮಾರು ಆರು ತಿಂಗಳೊಳಗಿನ ಕೂಸು ಅಮ್ಮನನ್ನು ಗುರುತಿಸುತ್ತದೆ. ಆದರೂ ಪ್ರೀತಿಯಿಂದ ಎತ್ತಿಕೊಂಡ ಬೇರೆಯವರ ಕೈಯಲ್ಲೂ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಎಂಟು ತಿಂಗಳ ಹೊತ್ತಿಗೆ ಕಥೆ ಬದಲಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಗೊತ್ತಾಗುತ್ತದೆ. ಬೇಕು ಅಂತ ಹುಡುಕುತ್ತದೆ. ಯಾವಾಗ ಬರುತ್ತಾಳೆ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಬಿಟ್ಟಿರಲಾರದ ಈ ಅಳು ಒಂದು ವರ್ಷದ ಆಸುಪಾಸಿನಿಂದ ಒಂದೂವರೆ ವರ್ಷದವರೆಗೆ ತುಂಬ ಜೋರಾಗಿರುತ್ತದೆ. ಮೂರು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಗ್ಗುತ್ತದೆ.

ಹಾಗಾಗಿ ದಿನಾಂಕವನ್ನು ಮುಂದೆ ಹಾಕುವ ಅವಕಾಶವಿದ್ದರೆ, ಎಂಟು ತಿಂಗಳಿಂದ ಎರಡೂವರೆ ವರ್ಷದ ನಡುವಿನ ದೀರ್ಘ ಪ್ರವಾಸವನ್ನು ಮುಂದೆ ಹಾಕಿ ಅಂತಲೇ ಹೇಳುತ್ತೇನೆ.

ಮೂರರಿಂದ ಐದು ವರ್ಷದವರಿಗೆ ಮಾತು ಬರುತ್ತದೆ, ವಿವರಿಸಬಹುದು. ಆದರೆ ಈ ವಯಸ್ಸಿಗೆ ಅದರದೇ ತೊಡಕಿದೆ. ಸುತ್ತ ನಡೆಯುವುದಕ್ಕೆಲ್ಲ ತಾನೇ ಕಾರಣ ಅಂತ ಮಗು ಅಂದುಕೊಳ್ಳುತ್ತದೆ. 'ನಾನು ಹಟ ಮಾಡಿದೆ, ಅದಕ್ಕೇ ಅಪ್ಪ ಹೋದ' ಅಂತ ಒಳಗೊಳಗೇ ಲೆಕ್ಕ ಹಾಕಿರುತ್ತದೆ, ಯಾರಿಗೂ ಹೇಳಿರುವುದಿಲ್ಲ. 'ಹೀಗೇ ಗಲಾಟೆ ಮಾಡ್ತಿದ್ರೆ ಅಮ್ಮ ಬಿಟ್ಟು ಹೋಗಿಬಿಡ್ತಾಳೆ ನೋಡು' ಅಂತ ಮನೆಯಲ್ಲಿ ತಮಾಷೆಗೂ ಯಾರೂ ಹೇಳಕೂಡದು. ಆರು ದಾಟಿದವರು ಕ್ಯಾಲೆಂಡರ್ ನೋಡಿ ದಿನ ಎಣಿಸಬಲ್ಲರು. ಅವರ ಜೊತೆ ನೇರವಾಗಿ ಮಾತಾಡಬಹುದು.

ಎಷ್ಟು ದಿನ ಅಂದರೆ 'ಜಾಸ್ತಿ ದಿನ'?

ಮಗುವಿನ ಲೆಕ್ಕವೇ ಬೇರೆ. ಒಂದು ವರ್ಷದ ಮಗುವಿಗೆ ಒಂದು ವಾರವೂ ದೊಡ್ಡದು, ಏಳು ವರ್ಷದ ಮಗು ಎರಡು ತಿಂಗಳನ್ನು ಸಂಭಾಳಿಸಬಹುದು. ಮೂರು ತಿಂಗಳು ಒಟ್ಟಿಗೆ ಹೋಗುವುದಕ್ಕೂ, ನಡುವೆ ಒಮ್ಮೆ ಬಂದು ಹೋಗುವುದಕ್ಕೂ ವ್ಯತ್ಯಾಸ ಇದೆ. ಬಂದು ಹೋಗುವುದಾದರೆ ಎರಡು ದಿನಕ್ಕೆ ಓಡಿ ಬರಬೇಡಿ. ಮಗು ಮತ್ತೆ ಹತ್ತಿರ ಬರುವ ಹೊತ್ತಿಗೆ ನೀವು ವಿಮಾನ ಹತ್ತಿರುತ್ತೀರಿ. ಒಂದೆರಡು ವಾರವಾದರೂ ಉಳಿಯುವಂತಿದ್ದರೆ ಮಾತ್ರ ಬನ್ನಿ.

ಅಪ್ಪ ಹೋದರೆ 'ಪಾಪ, ದುಡಿಯೋಕೆ ಹೋಗಿದಾನೆ' ಅಂತಾರೆ. ಅಮ್ಮ ಹೋದರೆ ಯಾಕೆ ಎಲ್ಲರ ಕಣ್ಣೂ ಕೆಂಪಾಗುತ್ತೆ?

ಆಗುತ್ತದೆ, ಅನ್ಯಾಯ ಅಂತ ಗೊತ್ತಿದ್ದೂ ಆಗುತ್ತದೆ. ಮಗುವಿಗೆ ಬೇಕಾಗಿರುವುದು ದಿನಾ ತನ್ನನ್ನು ನೋಡಿಕೊಳ್ಳುವವರು. ಅದು ಅಪ್ಪನೇ ಆಗಿರುವ ಮನೆಗಳೂ ಇವೆ. ಅಂಥ ಮನೆಯಲ್ಲಿ ಅಪ್ಪ ಹೊರಟರೆ ಮಗುವಿಗೆ ಅಷ್ಟೇ ಕಷ್ಟ. ಜನರಿಗೆ ಉತ್ತರ ಕೊಡುತ್ತಾ ಕೂರುವ ಬದಲು ಆ ಹೊತ್ತನ್ನು ತಯಾರಿಗೆ ಬಳಸಿ.

## ತಯಾರಿ

ಯಾರ ಹತ್ತಿರ ಬಿಡಲಿ? ಅವರ ಮನೆಗೆ ಕಳಿಸೋದಾ, ಅವರನ್ನೇ ಇಲ್ಲಿಗೆ ಕರೆಸೋದಾ?

ಇಲ್ಲಿ ಒಂದು ಹಳೆಯ ಅಧ್ಯಯನ ಹೇಳಬೇಕು. 1960ರ ದಶಕದಲ್ಲಿ ಲಂಡನ್‌ನಲ್ಲಿ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ಅನ್ನುವ ದಂಪತಿ, ಎರಡನೇ ಹೆರಿಗೆಗೆ ಆಸ್ಪತ್ರೆ ಸೇರಿದ ತಾಯಂದಿರ ನಾಲ್ಕು ಪುಟ್ಟ ಮಕ್ಕಳನ್ನು ಒಂದೊಂದಾಗಿ ತಮ್ಮ ಮನೆಗೆ ಕರೆತಂದು ನೋಡಿಕೊಂಡರು. ಮಕ್ಕಳೆಲ್ಲ ಒಂದೂವರೆಯಿಂದ ಎರಡೂವರೆ ವರ್ಷದ ಆಸುಪಾಸಿನವರು. ಹತ್ತು ದಿನದಿಂದ 27 ದಿನದವರೆಗೆ ಅಲ್ಲಿದ್ದರು. ಅದಕ್ಕೆ ಮುಂಚೆಯೇ ಮಕ್ಕಳು ಆ ಮನೆಗೆ ಬಂದು ಹೋಗಿ ಪರಿಚಯ ಮಾಡಿಕೊಂಡಿದ್ದರು. ತಮ್ಮ ಹೊದಿಕೆ, ಆಟಿಕೆ, ಅಮ್ಮನ ಫೋಟೊ ಎಲ್ಲ ಜೊತೆಗೆ ಬಂದವು. ಊಟ, ನಿದ್ದೆಯ ಅಭ್ಯಾಸಗಳನ್ನು ತಾಯಂದಿರಿಂದ ಕೇಳಿ ತಿಳಿದುಕೊಂಡು ಹಾಗೇ ನಡೆಸಿದರು. ಅಮ್ಮನ ವಿಷಯ ಮುಚ್ಚಿಡದೆ ಮಾತಾಡಿದರು. ಆ ಮಕ್ಕಳಿಗೆ ಬೇಸರವಾಯಿತು, ಕಿರಿಕಿರಿಯಾಯಿತು, ಆದರೂ ತಡೆದುಕೊಂಡರು.

ಅವರು ಗಮನಿಸಿದ ಇನ್ನೊಂದು ಮಗು, 17 ತಿಂಗಳ ಹುಡುಗ, ಮಕ್ಕಳನ್ನು ರಾತ್ರಿ ಹಗಲು ಇಟ್ಟುಕೊಳ್ಳುವ ಒಂದು ಶಿಶುವಿಹಾರದಲ್ಲಿ ಒಂಬತ್ತು ದಿನ ಉಳಿದ. ಅಲ್ಲಿನ ದಾದಿಯರು ಕೆಟ್ಟವರೇನಲ್ಲ. ಪಾಳಿ ಪಾಳಿಯಲ್ಲಿ ಬದಲಾಗುತ್ತಿದ್ದರು, ಅಷ್ಟೇ. ಒಬ್ಬರ ತೊಡೆಯ ಮೇಲೆ ಹತ್ತಿ ಕೂರುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಆ ಮಗು ಕುಸಿದುಹೋಯಿತು. ಅಮ್ಮ ಕರೆದುಕೊಂಡು ಹೋಗಲು ಬಂದಾಗ ಅವಳ ಹತ್ತಿರವೂ ಬರದೆ ಚೀರಾಡಿತು.

ಮಕ್ಕಳು ಬೆರಳೆಣಿಕೆಯಷ್ಟು, ದಿನಗಳೂ ಕಡಿಮೆ. ಹಾಗಿದ್ದರೂ ಇದರಿಂದ ನಮಗೆ ಬೇಕಾದ್ದು ಸಿಗುತ್ತದೆ. ನೋಡಿಕೊಳ್ಳಲು ಒಬ್ಬರೇ ಇರಲಿ. 'ಸೋಮವಾರ ಅತ್ತೆ, ಬುಧವಾರ ಚಿಕ್ಕಮ್ಮ, ಶನಿವಾರ ಪಕ್ಕದ ಮನೆ' ಅನ್ನುವ ಸರದಿ ದೊಡ್ಡವರಿಗೆ ಅನುಕೂಲ, ಮಗುವಿಗೆ ಅಲ್ಲ. ಸಹಾಯಕ್ಕೆ ನಾಲ್ಕು ಜನ ಬರಲಿ, ಉಣ್ಣಿಸಿ ಮಲಗಿಸುವವರು ಬದಲಾಗದಿರಲಿ.

ಸಾಧ್ಯವಿದ್ದರೆ ಅವರನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ. ಅದೇ ಮಂಚ, ಅದೇ ಕಿಟಕಿ, ಅದೇ ಶಾಲೆ ಇರುತ್ತದೆ. ನೀವು ಹೊರಡುವ ಮೂರು ನಾಲ್ಕು ವಾರ ಮುಂಚೆಯೇ ಬಂದರೆ ಇನ್ನೂ ಒಳ್ಳೆಯದು. ಆ ದಿನಗಳಲ್ಲಿ ಸ್ನಾನ, ಊಟ, ಮಲಗಿಸುವುದನ್ನು ಒಂದೊಂದಾಗಿ ಅವರ ಕೈಗೆ ಬಿಟ್ಟು ನೀವು ಪಕ್ಕಕ್ಕೆ ಸರಿಯಿರಿ. 'ನೀವು ಹಾಗಲ್ಲ, ಹೀಗೆ ಮಾಡಿ' ಅಂತ ನಡುವೆ ಬಾಯಿ ಹಾಕದಿರುವುದೇ ಕಷ್ಟದ ಕೆಲಸ.

ಮಗುವಿಗೆ ಯಾವಾಗ ಹೇಳಬೇಕು? ಏನಂತ ಹೇಳಬೇಕು?

ಎರಡು ವರ್ಷದ ಮಗುವಿಗೆ ಎರಡು ಮೂರು ದಿನ ಮುಂಚೆ ಸಾಕು. ನಾಲ್ಕು ವರ್ಷದವರಿಗೆ ಒಂದೆರಡು ವಾರ. ಶಾಲೆಗೆ ಹೋಗುವವರಿಗೆ ಒಂದು ತಿಂಗಳು. ಒಂದು ಎಚ್ಚರಿಕೆ: ಮನೆಯಲ್ಲಿ ದೊಡ್ಡವರು ದಿನಾ ವೀಸಾ, ಟಿಕೆಟ್ ಅಂತ ಮಾತಾಡುತ್ತಿದ್ದರೆ ಮಗು ಆಗಲೇ ಕೇಳಿಸಿಕೊಂಡಿರುತ್ತದೆ. ಆಗ ಕಾಯದೆ ಹೇಳಿಬಿಡಿ.

ಮಾತು ಚಿಕ್ಕದಿರಲಿ. 'ಅಮ್ಮ ವಿಮಾನದಲ್ಲಿ ದೂರ ಹೋಗ್ತಾಳೆ, ಅಲ್ಲಿ ಕೆಲಸ ಇದೆ. ಅಜ್ಜಿ ನಿನ್ನ ಜೊತೆ ಇರ್ತಾರೆ, ಅವರೇ ಮಲಗಿಸ್ತಾರೆ. ಕೆಲಸ ಮುಗಿದ ಮೇಲೆ ಅಮ್ಮ ವಾಪಸ್ ಬರ್ತಾಳೆ.' ಇಷ್ಟರಲ್ಲಿ ಯಾಕೆ, ಯಾರ ಜೊತೆ, ಆಮೇಲೇನು ಅನ್ನುವ ಮೂರೂ ಬಂದವು. ಮಗು ಇದನ್ನೇ ಹತ್ತು ಸಲ ಕೇಳುತ್ತದೆ. ಹತ್ತು ಸಲವೂ ಅದೇ ಮಾತಿನಲ್ಲಿ ಹೇಳಿ. ಮಾತು ಬದಲಾದರೆ ವಿಷಯವೇ ಬದಲಾಯಿತು ಅಂತ ಅದು ಅಂದುಕೊಳ್ಳುತ್ತದೆ.

ದಿನ ತೋರಿಸಲು ಕಾಗದದ ಸರಪಳಿ ಮಾಡಿ ದಿನಾ ಒಂದು ಕೊಂಡಿ ಹರಿಯುವ ಉಪಾಯ ಎಲ್ಲರಿಗೂ ಗೊತ್ತು. ಒಳ್ಳೆಯದೇ. ಆದರೆ ತೊಂಬತ್ತು ಕೊಂಡಿಯ ಸರಪಳಿ ನೇತು ಹಾಕಬೇಡಿ. ಮೂರು ವರ್ಷದ ಮಗುವಿಗೆ ಅದು ಮುಗಿಯದ ಗೋಡೆ ಅಲಂಕಾರ, ಅಷ್ಟೇ. ದೂರದ ದಿನಗಳಿಗೆ ಮಗುವಿಗೆ ಗೊತ್ತಿರುವ ಗುರುತುಗಳನ್ನು ಬಳಸಿ: 'ನಿನ್ನ ಹುಟ್ಟುಹಬ್ಬ ಆಗುತ್ತೆ, ಆಮೇಲೆ ಶಾಲೆಗೆ ರಜೆ ಬರುತ್ತೆ, ಆಮೇಲೆ ಅಪ್ಪ ಬರ್ತಾನೆ.' ಸರಪಳಿಯನ್ನು ಕೊನೆಯ ಹತ್ತು ದಿನಕ್ಕೆ ಇಟ್ಟುಕೊಳ್ಳಿ, ವಾಪಸ್ ಟಿಕೆಟ್ ಖಚಿತವಾದ ಮೇಲೆ.

ಮಲಗಿರುವಾಗ ಸದ್ದಿಲ್ಲದೆ ಹೊರಟುಬಿಟ್ಟರೆ ಅಳೋದಾದರೂ ತಪ್ಪುತ್ತಲ್ಲ?

ನಿಮ್ಮ ಅಳು ತಪ್ಪುತ್ತದೆ. ಮಗು ಎದ್ದು ಮನೆಯೆಲ್ಲ ಹುಡುಕುತ್ತದೆ. ಮಲಗಿದರೆ ಜನ ಮಾಯವಾಗುತ್ತಾರೆ ಅಂತ ಕಲಿತ ಮಗು ಆಮೇಲೆ ಮಲಗಲೇ ಹೆದರುತ್ತದೆ. ಅಜ್ಜಿ ಒಂದು ನಿಮಿಷ ಹೊರಗೆ ಹೋದರೂ ಸೆರಗು ಬಿಡುವುದಿಲ್ಲ.

ಹೇಳಿಯೇ ಹೊರಡಿ. ಬೀಳ್ಕೊಡುಗೆ ಚಿಕ್ಕದಿರಲಿ: ಒಂದು ಅಪ್ಪುಗೆ, ಒಂದು ಮುತ್ತು, ಹೇಳಬೇಕಾದ ಮಾತು, ಬಾಗಿಲು. ಬಾಗಿಲಿಂದ ಮೂರು ಸಲ ವಾಪಸ್ ಬಂದು ಅಪ್ಪಿಕೊಂಡರೆ ಮಗು ಮೂರು ಸಲ ಅಳಬೇಕಾಗುತ್ತದೆ. ವಿಮಾನ ನಡುರಾತ್ರಿ ಇದ್ದರೆ ಮಲಗಿಸುವ ಮುಂಚೆ 'ಬೆಳಿಗ್ಗೆ ನೀನು ಏಳುವಾಗ ನಾನು ವಿಮಾನದಲ್ಲಿ ಇರ್ತೀನಿ, ಅಜ್ಜಿ ಪಕ್ಕದಲ್ಲೇ ಇರ್ತಾರೆ' ಅಂತ ಹೇಳಿ. ವಿಮಾನ ನಿಲ್ದಾಣದವರೆಗೆ ಕರೆದೊಯ್ಯಬೇಕಾ ಅಂತಲೂ ಕೇಳುತ್ತಾರೆ. ಪುಟ್ಟ ಮಕ್ಕಳಾದರೆ ಬೇಡ. ಗದ್ದಲ, ನಿದ್ದೆಗೆಡುವುದು, ಆಮೇಲೆ ಅತ್ತುಕೊಂಡೇ ಮನೆಗೆ ದಾರಿ. ಮನೆಯ ಬಾಗಿಲೇ ವಾಸಿ.

ಇನ್ನೂ ಎದೆಹಾಲು ಕುಡಿಯುತ್ತಿದೆ. ಏನು ಮಾಡಲಿ?

ಹೊರಡುವ ದಿನವೇ ಹಾಲು ಬಿಡಿಸಬೇಡಿ. ಮಗುವಿಗೆ ಅಮ್ಮನೂ ಹೋದಳು, ಹಾಲೂ ಹೋಯಿತು ಅಂತ ಎರಡು ಪೆಟ್ಟು ಒಟ್ಟಿಗೆ. ನಿಮಗೂ ಎದೆ ಕಟ್ಟಿಕೊಂಡು ಜ್ವರ ಬರುವ ಸಂಭವ ಇದೆ, ಅದೂ ಹನ್ನೆರಡು ಗಂಟೆ ಹಾರುವ ವಿಮಾನದಲ್ಲಿ. ಬಿಡಿಸುವುದೇ ಆದರೆ ವಾರಗಳ ಮುಂಚೆ ಶುರು ಮಾಡಿ, ಕೆಲವು ದಿನಕ್ಕೊಂದರಂತೆ ಒಂದೊಂದು ಹೊತ್ತಿನ ಹಾಲು ಕಡಿಮೆ ಮಾಡುತ್ತಾ ಬನ್ನಿ. ರಾತ್ರಿಯದನ್ನು ಕೊನೆಗೆ ಇಟ್ಟುಕೊಳ್ಳಿ.

ಹಿಂಡಿ ಕೂಡಿಡುವುದಾದರೆ ಲೆಕ್ಕ ಇದು: ಹೊಸದಾಗಿ ಹಿಂಡಿದ ಹಾಲು ಸುಮಾರು 25 ಡಿಗ್ರಿಯ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಫ್ರೀಜರಿನಲ್ಲಿಟ್ಟದ್ದನ್ನು 6 ತಿಂಗಳೊಳಗೆ ಬಳಸಿದರೆ ಒಳ್ಳೆಯದು. ಚಿಕ್ಕ ಚಿಕ್ಕ ಪಾಕೆಟ್ಟಿನಲ್ಲಿ ದಿನಾಂಕ ಬರೆದಿಡಿ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ. ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಕೂಡಿಡುವುದು ಹೆಚ್ಚಿನವರಿಗೆ ಆಗದ ಮಾತು. ಒಂದು ವರ್ಷದೊಳಗಿನ ಮಗುವಾದರೆ ಯಾವ ಪುಡಿಹಾಲು, ಎಷ್ಟು ಅಂತ ಮಕ್ಕಳ ವೈದ್ಯರನ್ನು ಮೊದಲೇ ಕೇಳಿ. ಬಾಟಲಿಯೋ ಲೋಟವೋ, ಅದನ್ನು ನೀವಿರುವಾಗಲೇ ಬೇರೆಯವರ ಕೈಯಿಂದ ರೂಢಿ ಮಾಡಿಸಿ.

ಯಾವ ಕಾಗದಪತ್ರ ಬಿಟ್ಟು ಹೋಗಬೇಕು?

ಆಸ್ಪತ್ರೆಯಲ್ಲಿ ಸಹಿ ಹಾಕುವ ಅಧಿಕಾರ ಯಾರಿಗೆ? ಇದನ್ನು ಮೊದಲು ನೋಡಿ. ಇನ್ನೊಬ್ಬ ಪೋಷಕರು ಮನೆಯಲ್ಲೇ ಇದ್ದರೆ ತೊಂದರೆ ಇಲ್ಲ. ಅಜ್ಜಿ ತಾತನ ಹತ್ತಿರ ಬಿಡುವುದಾದರೆ, ಮಗುವಿನ ಚಿಕಿತ್ಸೆಗೆ ಮತ್ತು ಶಾಲೆಯ ವಿಷಯಕ್ಕೆ ಇವರು ನಮ್ಮ ಪರವಾಗಿ ಒಪ್ಪಿಗೆ ಕೊಡಬಹುದು ಅಂತ ಅಧಿಕಾರ ಪತ್ರ ಮಾಡಿಸಿ. ಇದರ ನಿಯಮ ದೇಶದಿಂದ ದೇಶಕ್ಕೆ ಬೇರೆ, ವಕೀಲರನ್ನೋ ನೋಟರಿಯನ್ನೋ ಕೇಳಿ. ಜೊತೆಗೆ ಲಸಿಕೆ ಪುಸ್ತಕ, ವಿಮೆಯ ಕಾರ್ಡು, ಜನನ ಪ್ರಮಾಣಪತ್ರದ ಪ್ರತಿ, ನಿಮ್ಮ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಇರಲಿ. ಶಾಲೆಯಿಂದ ಯಾರು ಕರೆದೊಯ್ಯಬಹುದು ಅನ್ನುವ ಪಟ್ಟಿಯನ್ನು ಶಾಲೆಗೂ ಕೊಡಿ.

ಎಷ್ಟೋ ಜನ ಮರೆಯುವ ಎರಡು: ಮಗುವಿಗೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇರಲಿ. ಹಠಾತ್ತನೆ ನಿಮ್ಮ ಹತ್ತಿರ ಕರೆತರಬೇಕಾದರೆ ಆಗ ಅರ್ಜಿ ಹಾಕಿ ಕಾಯುವುದಕ್ಕೆ ಆಗುವುದಿಲ್ಲ. ಇನ್ನೊಂದು, ಮನೆಯ ಬಿಲ್ಲು, ಶಾಲೆಯ ಫೀಸು ಎಲ್ಲದರ ಒಟಿಪಿ ನಿಮ್ಮ ನಂಬರಿಗೇ ಬರುತ್ತಿದೆಯೇ ನೋಡಿ. ನೀವು ಬೇರೆ ದೇಶದ ಸಿಮ್ ಹಾಕಿಕೊಂಡ ದಿನ ಮನೆಯವರ ಕೈ ಕಟ್ಟಿದ ಹಾಗಾಗುತ್ತದೆ.

ನೋಡಿಕೊಳ್ಳುವವರಿಗೆ ಏನೇನು ಬರೆದಿಟ್ಟು ಹೋಗಲಿ?

ಒಂದು ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ವೈದ್ಯರ ನಂಬರು, ಮಗುವಿನ ಈಗಿನ ತೂಕ (ಔಷಧದ ಪ್ರಮಾಣ ನಿಲ್ಲುವುದು ತೂಕದ ಮೇಲೆ), ಯಾವುದರ ಅಲರ್ಜಿ ಇದೆ, ರಾತ್ರಿ ಹೊತ್ತು ಯಾರನ್ನು ಕರೆಯಬೇಕು ಅನ್ನುವುದು.

ಆಮೇಲಿನ ಪುಟಗಳಲ್ಲಿ ನಿಮಗೆ ಮಾತ್ರ ಗೊತ್ತಿರುವ ಸಣ್ಣ ಸಣ್ಣ ವಿಷಯ ಬರೆಯಿರಿ. ಇಂಥ ಒಂದು ಪುಸ್ತಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಹೀಗಿತ್ತು: 'ನೀರು ಬೇಕು ಅಂದರೆ ನೀಲಿ ಲೋಟದಲ್ಲೇ. ಮಲಗುವಾಗ ಎಡ ಕಿವಿ ಹಿಡಿದುಕೊಳ್ಳುತ್ತಾನೆ, ಕೈ ತೆಗೆಯಬೇಡಿ. "ಗುಗು" ಅಂದರೆ ಫ್ಯಾನು. ಕತ್ತಲಲ್ಲಿ ಅಳು ಶುರುವಾದರೆ ದೀಪ ಹಾಕಬೇಡಿ, ಬೆನ್ನು ಸವರಿ, ಹಾಡಿನ ಎರಡನೇ ಸಾಲಿನಿಂದ ಶುರು ಮಾಡಿ.' ಯಾಕೆ ಎರಡನೇ ಸಾಲು ಅಂತ ಯಾರಿಗೂ ಗೊತ್ತಿಲ್ಲ. ಆದರೆ ಮೊದಲ ಸಾಲಿನಿಂದ ಶುರು ಮಾಡಿದ ಅಜ್ಜಿಗೆ ಆ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಇಂಥದ್ದು ನೆನಪಾದ ಹಾಗೆ ವಾರವಿಡೀ ಬರೆಯುತ್ತಾ ಹೋಗಬೇಕು, ಒಂದೇ ಸಂಜೆಯಲ್ಲಿ ಕೂತು ಬರೆದರೆ ಬರುವುದಿಲ್ಲ.

ನೀವು ಉಟ್ಟು ಒಗೆಯದ ಒಂದು ಮೆತ್ತನೆ ಬಟ್ಟೆಯನ್ನೂ ಬಿಟ್ಟು ಹೋಗಿ. ಹಳೆ ಹೊದಿಕೆ, ಗೊಂಬೆಗಳನ್ನು ಮಕ್ಕಳು ಹಿಡಿದುಕೊಳ್ಳುವುದು ಕೆಟ್ಟ ಚಾಳಿಯಲ್ಲ, ಅದು ಅವರ ಆಸರೆ ಅಂತ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದಲ್ಲೇ ಬರೆದಿದ್ದರು. ನೀವಿಲ್ಲದಾಗ ಅದನ್ನು ಬಿಡಿಸುವ ಪ್ರಯತ್ನ ಯಾರೂ ಮಾಡದಿರಲಿ.

## ದೂರದಲ್ಲಿರುವಾಗ

ದಿನಾ ವಿಡಿಯೋ ಕಾಲ್ ಮಾಡಬೇಕಾ? ನನ್ನ ಮುಖ ಕಂಡರೆ ಅಳು ಜಾಸ್ತಿ ಅಂತಾರೆ ಮನೆಯವರು.

ಮಾಡಿ. ಕರೆಯ ನಂತರದ ಅಳು ಕರೆಯಿಂದ ಹುಟ್ಟಿದ್ದಲ್ಲ, ಒಳಗೆ ಇದ್ದದ್ದೇ ಹೊರಗೆ ಬರುತ್ತದೆ. ಮನೆಯವರು ಹೇಳುವುದರಲ್ಲೂ ಒಂದು ನಿಜ ಇದೆ: ಹೊತ್ತು ತಪ್ಪಾದರೆ ರಾತ್ರಿಯೆಲ್ಲ ಅವರು ಒದ್ದಾಡಬೇಕು. ಮಲಗುವ ಮುಂಚಿನ ಹೊತ್ತು ಬಿಟ್ಟುಬಿಡಿ. ಬೆಳಿಗ್ಗೆ ತಿಂಡಿ ತಿನ್ನುವಾಗ, ಸಂಜೆ ಆಟದ ನಡುವೆ ಹಗುರವಾಗಿ ಬಂದು ಹೋಗಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅನ್ನುತ್ತದೆ. ಆದರೆ ವಿಡಿಯೋ ಕರೆಗೆ ಮಾತ್ರ ರಿಯಾಯಿತಿ ಕೊಟ್ಟಿದೆ. ಹಾಗಾಗಿ ಆ ಅಳುಕು ಬೇಡ.

ಹೊತ್ತು ನಿಗದಿ ಮಾಡಿದ ಮೇಲೆ ತಪ್ಪಿಸಬೇಡಿ. ದಿನಾ ಮಾಡುತ್ತೇನೆ ಅಂತ ಹೇಳಿ ಎರಡು ದಿನಕ್ಕೊಮ್ಮೆ ತಪ್ಪಿಸುವುದಕ್ಕಿಂತ, ವಾರಕ್ಕೆ ಮೂರು ಅಂತ ಹೇಳಿ ಮೂರೂ ಮಾಡುವುದು ಮೇಲು. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಆ ದಿನ ಮೊದಲೇ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ಮಗು ಫೋನ್ ಹಿಡಿದು ಒಂದು ಗಂಟೆ ಕಾಯುತ್ತದೆ.

ಫೋನ್ ಹತ್ತಿರವೇ ಬರಲ್ಲ. ಬಂದರೂ ಮಾತಾಡಲ್ಲ. ಏನು ಮಾಡಲಿ?

'ಊಟ ಮಾಡಿದ್ಯಾ? ಏನು ಊಟ? ಶಾಲೇಲಿ ಏನು ಮಾಡಿದೆ?' ಇದು ಮಕ್ಕಳಿಗೆ ಪರೀಕ್ಷೆ. ಪ್ರಶ್ನೆ ಬಿಟ್ಟು ಏನಾದರೂ ಜೊತೆಗೆ ಮಾಡಿ. ಒಂದೇ ಪುಸ್ತಕದ ಎರಡು ಪ್ರತಿ ತಂದು ಒಂದು ಮನೆಯಲ್ಲಿಟ್ಟು, ಇನ್ನೊಂದು ನೀವು ಒಯ್ಯಿರಿ. ನೀವು ಓದಿ, ಅಲ್ಲಿ ಪುಟ ತಿರುಗಿಸಲಿ. ಗೊಂಬೆಯನ್ನು ಕ್ಯಾಮೆರಾದ ಹಿಂದೆ ಅಡಗಿಸಿ ತೋರಿಸಿ. ಎರಡು ವರ್ಷದ ಮಗು ಫೋನನ್ನು ಎತ್ತಿಕೊಂಡು ಓಡಿ, ಛಾವಣಿ, ತನ್ನ ಮೂಗಿನ ಹೊಳ್ಳೆ, ಮಂಚದ ಕೆಳಗಿನ ಕತ್ತಲು ಎಲ್ಲ ತೋರಿಸಿ, ಕೊನೆಗೆ ನಿಮ್ಮನ್ನು ಮಂಚದ ಕೆಳಗೇ ಬಿಟ್ಟು ಆಟಕ್ಕೆ ಹೋದರೆ ಬೇಜಾರು ಬೇಡ. ಅದರ ಲೆಕ್ಕದಲ್ಲಿ ನಿಮ್ಮನ್ನು ಮನೆ ಸುತ್ತಿಸಿ ಆಯಿತು.

ಬರಲು ಇಷ್ಟವಿಲ್ಲದ ದಿನ ಎಳೆದು ತಂದು ಕೂರಿಸುವುದು ಬೇಡ. ಧ್ವನಿ ಸಂದೇಶ ಕಳಿಸಿ, ಬೇಕಾದಾಗ ಹಾಕಿಸಿಕೊಂಡು ಕೇಳುತ್ತದೆ.

ನಾನು ಹೋದ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡ್ತಿದೆ, ಬೆರಳು ಚೀಪ್ತಿದೆ. ಕಲಿತದ್ದೆಲ್ಲ ಮರೆತುಹೋಯ್ತಾ?

ಮರೆತಿಲ್ಲ. ಒತ್ತಡ ಬಂದಾಗ ಮಕ್ಕಳು ಹೀಗೆ ಕೆಲವು ತಿಂಗಳು ಹಿಂದಕ್ಕೆ ಜಾರುತ್ತಾರೆ. ಬೈಯದೆ, ನಾಚಿಕೆಪಡಿಸದೆ ಬಟ್ಟೆ ಬದಲಾಯಿಸಿದರೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ. ನೀವಿಲ್ಲದ ದಿನಗಳಲ್ಲಿ ಬಾಟಲಿ ಬಿಡಿಸುವುದು, ಬೇರೆ ಮಲಗಿಸುವುದು, ಶಾಲೆ ಬದಲಿಸುವುದು ಯಾವುದನ್ನೂ ಹೊಸದಾಗಿ ಶುರು ಮಾಡಬೇಡಿ.

ಮಗು ಅಳಲೇ ಇಲ್ಲ. ಎಲ್ಲರೂ 'ಎಷ್ಟು ಜಾಣ' ಅಂತಾರೆ. ನಂಗೆ ಮಾತ್ರ ಭಯ.

ನಿಮ್ಮ ಭಯವನ್ನು ತಳ್ಳಿಹಾಕಬೇಡಿ. ಮೇಲೆ ಹೇಳಿದ ಜೇಮ್ಸ್ ರಾಬರ್ಟ್‌ಸನ್ ಅದಕ್ಕೂ ಮುಂಚೆ, ಅಪ್ಪ ಅಮ್ಮ ಬಂದು ನೋಡಲು ಹೆಚ್ಚು ಅವಕಾಶವಿಲ್ಲದ ಆಗಿನ ಆಸ್ಪತ್ರೆಗಳಲ್ಲಿ ಪುಟ್ಟ ಮಕ್ಕಳನ್ನು ಗಮನಿಸಿದ್ದರು. ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದ ಕಾಲ ಅದು. ಮೊದಲು ಮಗು ಜೋರಾಗಿ ಅಳುತ್ತದೆ, ಹುಡುಕುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಎಲ್ಲರ ಜೊತೆ ನಗುನಗುತ್ತಾ ಇರುತ್ತದೆ, ಅಮ್ಮ ಬಂದರೂ ತಿರುಗಿ ನೋಡುವುದಿಲ್ಲ. ಸಿಬ್ಬಂದಿ ಈ ಮೂರನೇ ಹಂತವನ್ನೇ 'ಹೊಂದಿಕೊಂಡಿದೆ' ಅಂತ ತಿಳಿಯುತ್ತಿದ್ದರು.

ಹಾಗಂತ ಅಳದ ಮಕ್ಕಳೆಲ್ಲ ಈ ಹಂತದಲ್ಲಿದ್ದಾರೆ ಅಂತಲ್ಲ. ಮನೆಯವರನ್ನು ಹೀಗೆ ಕೇಳಿ: ಆಡುತ್ತದಾ? ಬಿದ್ದರೆ ಯಾರ ಹತ್ತಿರ ಓಡುತ್ತದೆ? ಸಿಟ್ಟು ಮಾಡುತ್ತದಾ, ಹಟ ಹಿಡಿಯುತ್ತದಾ? ಒಬ್ಬರ ಹತ್ತಿರ ಓಡುತ್ತದೆ, ಹಟವೂ ಇದೆ ಅಂದರೆ ನೆಮ್ಮದಿ ಪಡಿ. ಬಿದ್ದರೂ ಯಾರ ಹತ್ತಿರವೂ ಹೋಗುತ್ತಿಲ್ಲ, ಎಲ್ಲಕ್ಕೂ ಸರಿ ಅನ್ನುತ್ತದೆ ಅಂದರೆ ನೋಡಿಕೊಳ್ಳುವವರು ಇನ್ನಷ್ಟು ಹತ್ತಿರ ಸೆಳೆದುಕೊಳ್ಳಬೇಕು. ಎತ್ತಿಕೊಳ್ಳಬೇಕು, ಫೋಟೊ ತೋರಿಸಿ ಅಮ್ಮನ ಮಾತು ತೆಗೆಯಬೇಕು. 'ನೆನಪು ಮಾಡಿದರೆ ಅಳುತ್ತೆ, ಸುಮ್ನೆ ಯಾಕೆ' ಅನ್ನುವ ಒಳ್ಳೆಯ ಮನಸ್ಸಿನವರಿಂದಲೇ ಇಲ್ಲಿ ತೊಂದರೆ ಜಾಸ್ತಿ. ಅತ್ತರೆ ಅಳಲಿ, ಎತ್ತಿಕೊಳ್ಳಲು ಜನ ಇದ್ದಾರಲ್ಲ.

ಜ್ವರ ಬಂದಿದೆ ಅಂತ ಫೋನ್ ಬಂದರೆ ವಾಪಸ್ ಓಡಿ ಬರಬೇಕಾ?

ಶಾಲೆಗೆ ಹೋಗುವ ಮಕ್ಕಳಿಗೆ ನೆಗಡಿ, ಜ್ವರ ನೀವಿದ್ದರೂ ಬರುತ್ತದೆ. ಯಾವುದಕ್ಕೆ ವಾಪಸ್ ಬರುವುದು ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ: ಆಸ್ಪತ್ರೆಗೆ ಸೇರಿಸಿದರೆ, ಶಸ್ತ್ರಚಿಕಿತ್ಸೆ ಅಂದರೆ, ನೋಡಿಕೊಳ್ಳುವವರೇ ಮಲಗಿದರೆ. ಕೊನೆಯದಕ್ಕೆ ಎರಡನೇ ವ್ಯಕ್ತಿ ಯಾರು ಅಂತ ಮೊದಲೇ ಗೊತ್ತಿರಬೇಕು. ಹಾಗೆಯೇ 'ನಿಮಗೆ ಯಾಕೆ ಚಿಂತೆ ಅಂತ ಹೇಳಲಿಲ್ಲ' ಅನ್ನುವುದು ನಡೆಯಬಾರದು ಅಂತ ಮಾತು ತೆಗೆದುಕೊಳ್ಳಿ. ಒಮ್ಮೆ ಮುಚ್ಚಿಟ್ಟರೆ ಆಮೇಲೆ 'ಎಲ್ಲ ಚೆನ್ನಾಗಿದೆ' ಅನ್ನುವ ಯಾವ ಮಾತನ್ನೂ ನಂಬಲು ಆಗುವುದಿಲ್ಲ.

## ವಾಪಸ್ ಬಂದ ಮೇಲೆ

ಅಷ್ಟು ದಿನದ ಮೇಲೆ ಬಂದರೆ ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡಿತು. ನನ್ನನ್ನು ಮರೆತುಬಿಡ್ತಾ?

ಹೆಚ್ಚಾಗಿ ಮರೆತಿರುವುದಿಲ್ಲ, ಸಿಟ್ಟು ಬಂದಿರುತ್ತದೆ. ಸಿಟ್ಟು ತೋರಿಸುವಷ್ಟು ಸಲುಗೆ ನಿಮ್ಮ ಮೇಲಿದೆ. ಮೇರಿ ಏನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸುವಾಗ ಅಮ್ಮ ಕೋಣೆಯಿಂದ ಕೆಲವೇ ನಿಮಿಷ ಹೊರಗೆ ಹೋಗುತ್ತಿದ್ದಳು. ಅವಳು ಹೊರಟಾಗ ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ, ಅವಳು ವಾಪಸ್ ಬಂದಾಗ ಏನು ಮಾಡಿತು ಅನ್ನುವುದಕ್ಕೆ ಏನ್ಸ್‌ವರ್ತ್ ಹೆಚ್ಚು ಬೆಲೆ ಕೊಟ್ಟರು. ಕೆಲವೇ ನಿಮಿಷಕ್ಕೇ ಕೆಲವು ಮಕ್ಕಳು ಮುಖ ತಿರುಗಿಸುತ್ತಿದ್ದವು, ಕೆಲವು ಎತ್ತಿಕೋ ಅಂತ ಬಂದು ಒದೆಯುತ್ತಿದ್ದವು. ತಿಂಗಳುಗಳ ಮೇಲೆ ಬಂದವರಿಗೆ ಇದೆಲ್ಲ ಆದರೆ ಆಶ್ಚರ್ಯವಿಲ್ಲ.

ಬಾಗಿಲಲ್ಲೇ ಬಾಚಿ ಅಪ್ಪಿಕೊಳ್ಳಬೇಡಿ. 'ಹೋಗು, ಅಮ್ಮನ ಹತ್ತಿರ ಹೋಗು' ಅಂತ ಯಾರೂ ತಳ್ಳದಿರಲಿ. ನೆಲದ ಮೇಲೆ ಕೂತು ಅಜ್ಜಿಯ ಜೊತೆ ಮಾತಾಡುತ್ತಾ ಇರಿ. ಸ್ವಲ್ಪ ಹೊತ್ತಿಗೆ ಒಂದು ಆಟಿಕೆ ತಂದು ನಿಮ್ಮಿಂದ ಎರಡು ಮಾರು ದೂರದಲ್ಲಿ ಇಟ್ಟು ಹೋಗಬಹುದು. ಸುಮ್ಮನೆ ತೆಗೆದುಕೊಂಡು ಆಡಿ. ದಾರಿ ಶುರುವಾಗುವುದು ಹಾಗೆ.

ಈಗ ಬಾತ್‌ರೂಮಿಗೂ ಬಿಡಲ್ಲ, ಅಂಟಿಕೊಂಡೇ ಇರುತ್ತೆ. ಅತಿಯಾಗಿ ಮುದ್ದು ಮಾಡಿದ ಹಾಗೆ ಆಗಲ್ವಾ?

ಆಗುವುದಿಲ್ಲ. ಮತ್ತೆ ಹೋಗಿಬಿಡುತ್ತೀರಾ ಅಂತ ಪರೀಕ್ಷೆ ಮಾಡುತ್ತಿದೆ. ಬಂದ ಮೇಲೆ ಒಂದೆರಡು ವಾರ ಆಫೀಸಿಗೆ ರಜೆ ಇದ್ದರೆ ಒಳ್ಳೆಯದು. 'ಬಾತ್‌ರೂಮಿಗೆ ಹೋಗಿ ಬರ್ತೀನಿ' ಅಂತ ಹೇಳಿ ಹೋಗಿ, ಒಳಗಿಂದ ಮಾತಾಡುತ್ತಾ ಇರಿ. ಶಿಸ್ತು ಮಾತ್ರ ಎಂದಿನಂತೆಯೇ ಇರಲಿ. ಬಿಟ್ಟು ಹೋಗಿದ್ದೆ ಅನ್ನುವ ಸಂಕಟಕ್ಕೆ ಕೇಳಿದ್ದೆಲ್ಲ ಕೊಡಿಸಲು ಶುರು ಮಾಡಿದರೆ ಮಗುವಿಗೆ ಹೊಸ ಗೊಂದಲ.

ಇನ್ನೊಂದು ಮಾತು. ನೋಡಿಕೊಂಡವರು ನೀವು ಬಂದ ಮರುದಿನವೇ ಪೆಟ್ಟಿಗೆ ಕಟ್ಟಬಾರದು. ಮಗುವಿಗೆ ಅದು ಎರಡನೇ ಅಗಲಿಕೆ. ನಿಧಾನವಾಗಿ ಕೈ ಬದಲಾಗಲಿ.

ಉಡುಗೊರೆ ತರಲೇಬೇಕಾ?

ಒಂದು ತನ್ನಿ, ಚಿಕ್ಕದು. ಪೆಟ್ಟಿಗೆ ತುಂಬ ತಂದರೆ ಮಗು ನಿಮ್ಮನ್ನು ಬಿಟ್ಟು ಪೆಟ್ಟಿಗೆಯನ್ನು ಎದುರುಗೊಳ್ಳುತ್ತದೆ.

## ಸ್ವಲ್ಪ ಜಟಿಲವಾದವು

ಅಜ್ಜಿಯನ್ನೇ 'ಅಮ್ಮ' ಅಂತಿದೆ. ಕೇಳಿದ್ರೆ ಎದೆ ಒಡೆದ ಹಾಗಾಗುತ್ತೆ.

ಸಂಕಟ ಆಗುವುದು ಸಹಜ. ಆದರೆ ಇದು ಒಳ್ಳೆಯ ಸುದ್ದಿ. ಮಗುವಿಗೆ ಆಸರೆ ಸಿಕ್ಕಿದೆ. ಅಜ್ಜಿಯನ್ನು ಹಚ್ಚಿಕೊಂಡ ಮಾತ್ರಕ್ಕೆ ನಿಮ್ಮ ಪಾಲು ಕಡಿಮೆ ಆಗುವುದಿಲ್ಲ. ತಿದ್ದುವುದಾದರೆ ಅಜ್ಜಿಯೇ ನಗುತ್ತಾ 'ನಾನು ಅಜ್ಜಿ, ಅಮ್ಮ ಫೋಟೊದಲ್ಲಿ ನೋಡು' ಅಂದರೆ ಸಾಕು. ನೀವು ಫೋನಿನಲ್ಲಿ ಮುಖ ಸಪ್ಪೆ ಮಾಡಿಕೊಂಡರೆ, ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕೇನೋ ಅಂತ ಮಗು ಅಂದುಕೊಳ್ಳುತ್ತದೆ.

ಇಬ್ಬರೂ ಒಟ್ಟಿಗೇ ಹೋಗಬೇಕಾಗಿದೆ. ಆಗುತ್ತಾ?

ಕೆಲವು ದಿನಗಳ ಅಂತರ ಇಟ್ಟುಕೊಂಡು ಹೋಗಲು ಆಗುತ್ತಾ ನೋಡಿ. ಒಬ್ಬರು ಮೊದಲು ಹೋಗಿ, ಇನ್ನೊಬ್ಬರು ಕೊನೆಗೆ ಹೋದರೆ ಇಬ್ಬರೂ ಇಲ್ಲದ ಕಾಲ ಕಡಿಮೆಯಾಗುತ್ತದೆ. ಮಗುವಿನ ಮಟ್ಟಿಗೆ ಮುಖ್ಯವಾದ್ದು ಈ ಅಂತರವೇ. ಇಬ್ಬರೂ ಇಲ್ಲದಾಗ ಅಧಿಕಾರ ಪತ್ರವಿಲ್ಲದೆ ಮನೆ ಬಿಡಲೇಬೇಡಿ. ನಿಮಗಿಬ್ಬರಿಗೂ ಏನಾದರೂ ಆದರೆ ಮಗುವಿನ ಪಾಲಕರು ಯಾರು ಅಂತ ಉಯಿಲಿನಲ್ಲಿ ಬರೆದಿಡುವುದು ಅಪಶಕುನದ ಮಾತಲ್ಲ.

ನಾವು ಬೇರೆಯಾಗಿದ್ದೇವೆ. ನನ್ನ ಹತ್ತಿರ ಇರುವ ಮಗುವನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಹೋಗಬಹುದಾ?

ವಕೀಲರನ್ನು ಕೇಳದೆ ಬೇಡ. ಮಗು ಯಾರ ಹತ್ತಿರ ಇರಬೇಕು ಅನ್ನುವ ನ್ಯಾಯಾಲಯದ ಆದೇಶ ಇದ್ದರೆ ಅದರಲ್ಲಿ ಏನಿದೆ ಅನ್ನುವುದೇ ಮೊದಲು. ಇನ್ನೊಬ್ಬ ಪೋಷಕರಿಗೆ ಹೇಳದೆ ಹೊರಟರೆ ಆಮೇಲೆ ಅದೇ ನಿಮ್ಮ ವಿರುದ್ಧದ ವಾದವಾಗಬಹುದು. ಒಪ್ಪಂದವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಮೂರು ತಿಂಗಳು ಅಂತ ಬಂದೆ. ಈಗ ಇನ್ನೂ ಮೂರು ತಿಂಗಳು ಇರಬೇಕಂತೆ. ಮಗುವಿಗೆ ಹೇಗೆ ಹೇಳಲಿ?

ನೀವೇ ಹೇಳಿ, ಮನೆಯವರ ಬಾಯಿಂದ ಬೇಡ. 'ಬೇಗ ಬರ್ತೀನಿ ಅಂದಿದ್ದೆ. ಕೆಲಸ ಮುಗಿದಿಲ್ಲ. ನಿನ್ನ ತಪ್ಪಲ್ಲ, ನಂಗೂ ಬೇಜಾರಾಗಿದೆ.' ಹೊಸ ದಿನಾಂಕ ಖಚಿತವಿಲ್ಲದಿದ್ದರೆ ದಿನಾಂಕ ಕೊಡಬೇಡಿ. ಎರಡನೇ ಸಲ ಮಾತು ತಪ್ಪುವುದು ಮೊದಲನೆಯದಕ್ಕಿಂತ ದುಬಾರಿ. ನಿಮ್ಮ ತಾಯಿಗೋ ಗಂಡನಿಗೋ ಹೆಂಡತಿಗೋ ಇನ್ನೂ ಮೂರು ತಿಂಗಳು ಶಕ್ತಿ ಇದೆಯಾ ಅಂತಲೂ ಕೇಳಿ. 'ಪರವಾಗಿಲ್ಲ' ಅಂತಲೇ ಹೇಳುತ್ತಾರೆ. ವಾರಕ್ಕೆ ಒಂದು ದಿನವಾದರೂ ಅವರಿಗೆ ಬಿಡುವು ಸಿಗುವ ವ್ಯವಸ್ಥೆಯನ್ನು ನೀವೇ ಮಾಡಿ, ಖರ್ಚಾದರೂ ಸರಿ. ಹಾಗೆಯೇ ಮಗುವನ್ನೇ ಕೆಲವು ವಾರಕ್ಕೆ ಕರೆಸಿಕೊಳ್ಳಲು ಸಾಧ್ಯವಾ ಅಂತ ಈ ಹಂತದಲ್ಲಿ ಗಂಭೀರವಾಗಿ ಯೋಚಿಸಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಅಳು, ಹಟ, ಹಾಸಿಗೆ ಒದ್ದೆ, ಅಂಟಿಕೊಳ್ಳುವುದು ಇವೆಲ್ಲ ಸಾಮಾನ್ಯ. ದಿನ ಕಳೆದ ಹಾಗೆ ತಗ್ಗಬೇಕು. ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ, ಬರುತ್ತಿದ್ದ ಮಾತು ನಿಂತರೆ, ಆಟವೇ ಬೇಡ ಅಂತ ಮೂಲೆ ಹಿಡಿದರೆ, ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ತಡ ಮಾಡದೆ ತೋರಿಸಿ. ನೀವು ಬಂದು ಒಂದೆರಡು ತಿಂಗಳಾದ ಮೇಲೂ ಮಗು ನಿಮ್ಮ ಹತ್ತಿರ ಬರುತ್ತಿಲ್ಲ ಅಂದರೂ ಹಾಗೆಯೇ. ಮೊದಲು ಮಕ್ಕಳ ವೈದ್ಯರು, ಬೇಕಿದ್ದರೆ ಅವರೇ ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸುತ್ತಾರೆ. ಹೋಗುವಾಗ ನೋಡಿಕೊಂಡವರನ್ನೂ ಕರೆದುಕೊಂಡು ಹೋಗಿ. ಕಳೆದ ತಿಂಗಳುಗಳಲ್ಲಿ ನಿದ್ದೆ, ಊಟ ಹೇಗಿತ್ತು ಅಂತ ವೈದ್ಯರು ಕೇಳಿದರೆ ಉತ್ತರ ಇರುವುದು ಅವರ ಹತ್ತಿರ.